ಮಸಾಲೆ ಬೀಜ ಮನೆಯಲ್ಲೇ ಹುರಿಯುವುದಾದರೆ: ಕಡ್ಲೆಬೀಜವೋ ಗೋಡಂಬಿಯೋ, ಬಾಣಲೆಯೋ ಓವನ್ನೋ?

ಮಸಾಲೆ ಹಾಕಿದ ಬೀಜ ಮನೆಯಲ್ಲೇ ಹುರಿದುಕೊಳ್ಳೋಣ ಅಂತ ಹೊರಟವರು ಮೊದಲು ಕೇಳುವುದು ಪಾತ್ರೆಯ ಬಗ್ಗೆ. ಬಾಣಲೆ ಸಾಕಾ, ಓವನ್ ಬೇಕಾ, ಏರ್ ಫ್ರೈಯರ್ ತಗೊಂಡರೆ ಒಳ್ಳೆಯದಾ? ಪಾತ್ರೆಯ ಮಾತು ಆಮೇಲೆ. ಬೀಜ ಯಾವುದು, ಉಪ್ಪು ಎಷ್ಟು, ಮೇಲೆ ಹಿಟ್ಟು ಅಥವಾ ಸಕ್ಕರೆ ಮೆತ್ತಿದೆಯಾ, ದಿನಕ್ಕೆ ಎಷ್ಟು ತಿನ್ನುತ್ತೀರಿ, ಆರೋಗ್ಯದ ಲೆಕ್ಕ ನಿಲ್ಲುವುದು ಇವುಗಳ ಮೇಲೆ. ಪಾತ್ರೆ ಬದಲಾದರೆ ಬದಲಾಗುವುದು ನಿಮ್ಮ ಕೈ ನೋವು, ಸಮಯ, ಹದ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಎಣ್ಣೆಯ ಲೆಕ್ಕವನ್ನೇ ನೋಡಿ. 100 ಗ್ರಾಂ ಕಡ್ಲೆಬೀಜವನ್ನು ಒಣದಾಗಿ ಹುರಿದರೆ ಅದರಲ್ಲಿ ಸುಮಾರು 50 ಗ್ರಾಂ ಕೊಬ್ಬು ಇರುತ್ತದೆ. ಎಣ್ಣೆಯಲ್ಲಿ ಕರಿದರೆ ಸುಮಾರು 52 ಗ್ರಾಂ. ವ್ಯತ್ಯಾಸ ಅಷ್ಟೇ! ಬೀಜದಲ್ಲಿ ಅರ್ಧದಷ್ಟು ಎಣ್ಣೆಯೇ ತುಂಬಿರುವಾಗ ಹೊರಗಿನದು ಒಳಗೆ ಹೋಗಲು ಜಾಗ ಇರುವುದಿಲ್ಲ. ಆಲೂಗಡ್ಡೆಯೋ ಹಪ್ಪಳವೋ ಆದರೆ ಕಥೆ ಬೇರೆ, ಅವು ಎಣ್ಣೆ ಹೀರುತ್ತವೆ. ಹಾಗಾಗಿ "ಎಣ್ಣೆ ಹಾಕಿಯೇ ಇಲ್ಲ" ಅಂತ ಹೆಮ್ಮೆಪಟ್ಟು ಎರಡು ಬಟ್ಟಲು ತಿಂದುಬಿಟ್ಟರೆ ಏನೂ ಉಳಿತಾಯ ಆಗಲಿಲ್ಲ. ಒಂದು ಹಿಡಿ ಅಂದರೆ ಸುಮಾರು 30 ಗ್ರಾಂ, ಅದರಲ್ಲಿ ಹತ್ತಿರ ಹತ್ತಿರ 170 ಕ್ಯಾಲರಿ. ದಿನಕ್ಕೆ ಒಂದು ಹಿಡಿ ಸಾಕು.

ಹಾಗಂತ ಕರಿಯಿರಿ ಅಂತಲೂ ಹೇಳುವುದಿಲ್ಲ. ಕರಿದ ಎಣ್ಣೆ ಬಾಣಲೆಯಲ್ಲಿ ಉಳಿಯುತ್ತದೆ, ಅದನ್ನು ಮತ್ತೆ ಮತ್ತೆ ಕಾಯಿಸುವ ಅಭ್ಯಾಸ ಬಹಳ ಮನೆಗಳಲ್ಲಿದೆ, ತೊಂದರೆ ಅಲ್ಲಿಂದ ಶುರು. ಜೊತೆಗೆ ಕರಿದ ಬೀಜ ಮೂರು ನಿಮಿಷದಲ್ಲಿ ಹೊರಗೆ ಕಂದು, ಒಳಗೆ ಹಸಿ ಆಗಿ ಕೂತಿರುತ್ತದೆ. ಹದವಾದ ಉರಿಯಲ್ಲಿ ಒಣದಾಗಿ ಹುರಿದದ್ದರ ಗರಿಗರಿ ಅದಕ್ಕೆ ಬರುವುದೂ ಇಲ್ಲ.

ಯಾವ ಬೀಜ?

ನನ್ನನ್ನು ಕೇಳಿದರೆ ಮೊದಲು ಕಡ್ಲೆಬೀಜ. ಕಡಿಮೆ ದುಡ್ಡು, ಜಾಸ್ತಿ ಪ್ರೋಟೀನು. 100 ಗ್ರಾಂನಲ್ಲಿ ಸುಮಾರು 25 ಗ್ರಾಂ ಪ್ರೋಟೀನು ಇದೆ. ಬಾದಾಮಿಯಲ್ಲಿ 21, ಗೋಡಂಬಿಯಲ್ಲಿ 18, ಅಕ್ರೋಟಿನಲ್ಲಿ 15. ಬೆಲೆ ನೋಡಿದರೆ ಒಂದು ಕೆ.ಜಿ. ಬಾದಾಮಿಯ ದುಡ್ಡಿಗೆ ಕಡ್ಲೆಬೀಜ ಹಲವು ಕೆ.ಜಿ. ಬರುತ್ತದೆ. ಬಡವರ ಬಾದಾಮಿ ಅಂತ ಕರೆಯುವುದು ನನಗೆ ಅಷ್ಟು ಇಷ್ಟವಿಲ್ಲ. ಪ್ರೋಟೀನಿನ ವಿಷಯದಲ್ಲಿ ಬಾದಾಮಿಯೇ ಒಂದು ಹೆಜ್ಜೆ ಹಿಂದೆ ಇದೆಯಲ್ಲ!

ಅಂಗಡಿಯಲ್ಲಿ ಕಡ್ಲೆಬೀಜ ಎರಡು ಬಗೆಯಲ್ಲಿ ಸಿಗುತ್ತದೆ. ಸಣ್ಣಗೆ ಗುಂಡಾಗಿರುವುದು ಒಂದು, ಉದ್ದಕ್ಕೆ ದಪ್ಪಗಿರುವುದು ಇನ್ನೊಂದು. ಪಾವಗಡ, ಚಳ್ಳಕೆರೆ ಕಡೆಯಿಂದ ಬರುವ ಗುಂಡು ಬೀಜ ಬೇಗ ಹುರಿಯುತ್ತದೆ, ರುಚಿಯೂ ಗಾಢ. ಬಾಣಲೆಗೆ ಅದೇ ಸರಿ. ದಪ್ಪ ಬೀಜ ನೋಡಲು ಚೆನ್ನ, ಸಿಪ್ಪೆ ತೆಗೆದು ಹೋಳು ಮಾಡಲು ಸುಲಭ, ಆದರೆ ಒಳಗಿನವರೆಗೆ ಹುರಿಯಲು ತಾಳ್ಮೆ ಬೇಕು. ಎರಡನ್ನೂ ಬೆರೆಸಿ ಹುರಿಯಬೇಡಿ. ಗುಂಡು ಬೀಜ ಕರಕಲಾಗುವ ಹೊತ್ತಿಗೆ ದಪ್ಪದ್ದು ಇನ್ನೂ ಹಸಿ ಇರುತ್ತದೆ.

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದಲ್ಲ, ಹೊಸ ಕಾಯಿ ಬರುವ ಕಾಲ ಅದು. ಆಗ ಕಾಯಿ ತಂದವರು ಬಿಡಿಸಿ ತಕ್ಷಣ ಹುರಿಯಲು ಹೋದರೆ ಬೀಜ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಹಸಿ ಕಾಯಿಯಲ್ಲಿ ನೀರಿನ ಅಂಶ ಜಾಸ್ತಿ. ಹಸಿಯದನ್ನು ಉಪ್ಪು ಹಾಕಿ ಬೇಯಿಸಿಯೇ ತಿನ್ನಬೇಕು. ಮಸಾಲೆಗೆ ಚೆನ್ನಾಗಿ ಒಣಗಿದ ಬೀಜವೇ ಆಗಬೇಕು.

ಕಡ್ಲೆಬೀಜ ಆರಿಸುವ ಕೆಲಸ ಮಾತ್ರ ತಪ್ಪಿಸಬೇಡಿ. ಒಂದು ತಟ್ಟೆಯಲ್ಲಿ ಹರಡಿ ನೋಡಿ. ಸುಕ್ಕುಗಟ್ಟಿದ್ದು, ಕಪ್ಪಾದದ್ದು, ಹಸಿರು ಮಿಶ್ರಿತ ಬೂಷ್ಟು ಹಿಡಿದದ್ದು ಇದ್ದರೆ ತೆಗೆದು ಎಸೆಯಿರಿ. ಒಂದು ರೀತಿಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟುಮಾಡುತ್ತದೆ, ಅದು ಯಕೃತ್ತಿಗೆ ಕೆಟ್ಟದ್ದು. ಹುರಿದರೆ ಅದು ಪೂರ್ತಿ ಹೋಗುವುದಿಲ್ಲ, ಖಾರದ ಪುಡಿ ಹಾಕಿದರೆ ಕಾಣದಂತೆ ಮುಚ್ಚಿಹೋಗುತ್ತದೆ ಅಷ್ಟೇ. ತಿನ್ನುವಾಗ ಒಂದು ಬೀಜ ಕಹಿ ಅನ್ನಿಸಿದರೆ ನುಂಗದೆ ಉಗಿದುಬಿಡಿ.

ಗೋಡಂಬಿಗೆ ಬರೋಣ. ಇದರಲ್ಲಿ ಪಿಷ್ಟ ಸ್ವಲ್ಪ ಜಾಸ್ತಿ, ನಾರು ಕಡಿಮೆ. ಬಾದಾಮಿಯಲ್ಲಿ 100 ಗ್ರಾಂಗೆ 12 ಗ್ರಾಂ ನಾರಿದ್ದರೆ ಗೋಡಂಬಿಯಲ್ಲಿ ಮೂರು ಚಿಲ್ಲರೆ. ಆದರೆ ಮಸಾಲೆ ಹಿಡಿಯುವುದರಲ್ಲಿ ಇದನ್ನು ಮೀರಿಸುವ ಬೀಜ ಇಲ್ಲ. ಅಂಗಡಿಯಲ್ಲಿ ಡಬ್ಲ್ಯು 180, ಡಬ್ಲ್ಯು 240, ಡಬ್ಲ್ಯು 320 ಅಂತ ಬರೆದಿರುತ್ತಾರೆ. ಒಂದು ಪೌಂಡ್‌ಗೆ ಎಷ್ಟು ಬೀಜ ತೂಗುತ್ತವೆ ಅನ್ನುವ ಲೆಕ್ಕ ಅದು. ಸಂಖ್ಯೆ ಕಡಿಮೆ ಆದಷ್ಟೂ ಬೀಜ ದೊಡ್ಡದು, ಬೆಲೆ ಜಾಸ್ತಿ. ಮಸಾಲೆ ಹಾಕುವುದಕ್ಕೆ 180 ತರುವುದು ದಂಡ. ಹೋಳು ಗೋಡಂಬಿ ತನ್ನಿ. ಉದ್ದಕ್ಕೆ ಸೀಳಿದ ಹೋಳಿನ ಚಪ್ಪಟೆ ಮೈಗೆ ಪುಡಿ ಚೆನ್ನಾಗಿ ಕೂರುತ್ತದೆ, ಬೆಲೆಯೂ ಕಡಿಮೆ. ಒಂದೇ ಎಚ್ಚರ: ಗೋಡಂಬಿಯ ತುದಿ ಬೇಗ ಕೆಂಪಾಗುತ್ತದೆ, ಹೊಟ್ಟೆ ಬಿಳಿಯಾಗಿಯೇ ಉಳಿಯುತ್ತದೆ. ಸಣ್ಣ ಉರಿಯೇ ಮದ್ದು.

ಕರಾವಳಿ, ಮಲೆನಾಡಿನಲ್ಲಿ ಮನೆಯ ಗೇರುಮರದ ಬೀಜ ಇರುವವರಿಗೆ ಒಂದು ಮಾತು. ಸಿಪ್ಪೆಯ ಸಮೇತ ಇರುವ ಹಸಿ ಗೇರುಬೀಜವನ್ನು ಅಡುಗೆಮನೆಯ ಬಾಣಲೆಯಲ್ಲಾಗಲಿ ಓವನ್‌ನಲ್ಲಾಗಲಿ ಹುರಿಯಬೇಡಿ. ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಅದರ ಹೊಗೆ ಕಣ್ಣಿಗೂ ಗಂಟಲಿಗೂ ಕೆಟ್ಟದ್ದು. ಹಿತ್ತಿಲಲ್ಲಿ ಬಯಲಿನಲ್ಲಿ ಸುಡುವುದನ್ನು ಬಲ್ಲ ಹಿರಿಯರಿದ್ದರೆ ಅವರ ಪಾಲಿಗೆ ಬಿಡಿ.

ಬಾದಾಮಿ ಗಟ್ಟಿ, ಮಂದ, ನಿಧಾನವಾಗಿ ಹುರಿಯಬೇಕು. ಸಿಪ್ಪೆ ತೆಗೆಯಬೇಡಿ, ನಾರು ಇರುವುದು ಅಲ್ಲಿಯೂ. ತೀರಾ ಕಪ್ಪಗೆ ಹುರಿದ ಬಾದಾಮಿಯಲ್ಲಿ ಅಕ್ರಿಲಮೈಡ್ ಎಂಬ ಬೇಡದ ವಸ್ತು ಜಾಸ್ತಿ ಆಗುತ್ತದೆ, ಹಾಗಾಗಿ ತಿಳಿ ಕಂದು ಬಣ್ಣಕ್ಕೇ ನಿಲ್ಲಿಸಿ. ನೆನೆಸಿ ಸಿಪ್ಪೆ ಸುಲಿದು ತಿನ್ನುವ ಮನೆಯವರು ಕೇಳುತ್ತಾರೆ, ನೆನೆಸಿದ್ದನ್ನೇ ಹುರಿಯಬಹುದಾ ಅಂತ. ಹುರಿಯಬಹುದು, ಆದರೆ ಪೂರ್ತಿ ಒಣಗಿಸದೆ ಹುರಿದು ಡಬ್ಬ ತುಂಬಿದರೆ ನಾಲ್ಕು ದಿನಕ್ಕೆ ಮುಗ್ಗಲು ವಾಸನೆ ಬರುತ್ತದೆ. ಅಷ್ಟು ಕಷ್ಟಪಡುವಷ್ಟು ಲಾಭ ಅದರಲ್ಲಿ ನನಗೆ ಕಾಣುವುದಿಲ್ಲ.

ಅಕ್ರೋಟನ್ನು ಮಸಾಲೆಗೆ ಕೊನೆಯಲ್ಲಿ ಇಡುತ್ತೇನೆ. ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಬೇಕು ಅಂತ ತರುವ ಬೀಜ ಅದು. ಆ ಕೊಬ್ಬೇ ಶಾಖಕ್ಕೂ ಗಾಳಿಗೂ ಬೇಗ ಕೆಡುವಂಥದ್ದು. ಹಸಿಯಾಗಿ ತಿಂದರೆ ಒಳ್ಳೆಯದು. ಹುರಿಯಲೇಬೇಕೆಂದರೆ ಎಂಟು-ಹತ್ತು ನಿಮಿಷ, ಸಣ್ಣ ಶಾಖ, ಒಂದು ವಾರಕ್ಕೆ ಆಗುವಷ್ಟು ಮಾತ್ರ. ಪಿಸ್ತಾ ಅಂಗಡಿಯಿಂದ ಬರುವಾಗಲೇ ಬಹುಪಾಲು ಹುರಿದು ಉಪ್ಪು ಹಾಕಿಯೇ ಬಂದಿರುತ್ತದೆ. ಅದರ ಮೇಲೆ ಇನ್ನೊಮ್ಮೆ ಮಸಾಲೆ ಯಾಕೆ?

ಒಂದು ಪ್ರಶ್ನೆ ಉಳಿಯಿತು: ಎಲ್ಲ ಬೀಜ ಸೇರಿಸಿ ಮಿಶ್ರಣ ಮಾಡಿದರೆ? ಮಾಡಿ, ಆದರೆ ಹುರಿಯುವಾಗ ಬೇರೆ ಬೇರೆ. ಓವನ್ ಇದ್ದರೆ ಮೊದಲು ಬಾದಾಮಿ ಇಟ್ಟು, ಐದು ನಿಮಿಷ ಬಿಟ್ಟು ಗೋಡಂಬಿ ಸೇರಿಸಿ, ಇನ್ನೆರಡು ನಿಮಿಷಕ್ಕೆ ಅಕ್ರೋಟ್ ಹಾಕಬಹುದು. ಬಾಣಲೆಯಲ್ಲಿ ಇಂಥ ಸರ್ಕಸ್ ಬೇಡ. ಒಂದೊಂದೇ ಹುರಿದು ಕೊನೆಗೆ ಬೆರೆಸಿ.

ಯಾವುದರಲ್ಲಿ ಹುರಿಯುವುದು?

ಎಲ್ಲಕ್ಕಿಂತ ಮೊದಲು ಹದ ನೋಡುವುದು ಕಲಿಯಬೇಕು. ಪಾತ್ರೆ ಯಾವುದಾದರೂ ಹದ ಒಂದೇ. ಒಂದು ಕಡ್ಲೆಬೀಜ ತೆಗೆದು, ಆರಿಸಿ, ಬೆರಳಿನಲ್ಲಿ ಒತ್ತಿ ಎರಡು ಹೋಳು ಮಾಡಿ. ಹೋಳುಗಳ ಒಳಮೈ ನೋಡಿ. ಒದ್ದೆ ಒದ್ದೆಯಾಗಿ ಹೊಳೆಯುವ ಬಿಳಿ ಇದ್ದರೆ ಇನ್ನೂ ಹಸಿ. ಹೊಳಪು ಹೋಗಿ ಕೆನೆ ಬಣ್ಣಕ್ಕೆ ತಿರುಗಿದ್ದರೆ ಹತ್ತಿರ ಬಂತು. ತಿಳಿ ಬಿಸ್ಕತ್ತಿನ ಬಣ್ಣ ಬಂದಿದ್ದರೆ ತಕ್ಷಣ ಇಳಿಸಿ. ಮೊಳಕೆಯ ತುದಿಯ ಹತ್ತಿರ ಕಂದು ಕಲೆ ಕಂಡರೆ ಕಹಿ ಶುರುವಾಗಿದೆ ಅಂತ. ಹೊರಗಿನ ಸಿಪ್ಪೆ ನೋಡಿ ಹದ ಹೇಳಲು ಆಗುವುದಿಲ್ಲ, ಅದು ಮೊದಲೇ ಕೆಂಪು.

ಇಳಿಸಿದ ಮೇಲೂ ಬೀಜ ತನ್ನದೇ ಶಾಖದಲ್ಲಿ ಒಂದೆರಡು ನಿಮಿಷ ಹುರಿಯುತ್ತಲೇ ಇರುತ್ತದೆ. ಹಾಗಾಗಿ ಬೇಕಾದ ಬಣ್ಣಕ್ಕಿಂತ ಒಂದು ಛಾಯೆ ಮೊದಲೇ ನಿಲ್ಲಿಸಿ, ಬಿಸಿ ಬಾಣಲೆಯಲ್ಲೇ ಬಿಡದೆ ಅಗಲ ತಟ್ಟೆಗೆ ಸುರಿಯಿರಿ. ಬಿಸಿ ಬೀಜ ಮೆತ್ತಗೇ ಇರುತ್ತದೆ, ಆರಿದ ಮೇಲೆ ಗರಿಗರಿ. ಬಿಸಿಯಾಗಿದ್ದಾಗ ಕಚ್ಚಿ ನೋಡಿ "ಇನ್ನೂ ಆಗಿಲ್ಲ" ಅಂತ ಮತ್ತೆ ಒಲೆಗೇರಿಸಿದರೆ ಸುಟ್ಟಿತು ಅಂತಲೇ ಲೆಕ್ಕ.

ಬಾಣಲೆ: ನೂರಕ್ಕೆ ಎಂಬತ್ತು ಮನೆಗೆ ಇದೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ದಪ್ಪ ತಳದ ಕಬ್ಬಿಣದ್ದು ಇದ್ದರೆ ಇನ್ನೂ ಒಳ್ಳೆಯದು, ಶಾಖ ಏರಿಳಿಯದೆ ನಿಲ್ಲುತ್ತದೆ. ಕಾಲು ಕೆ.ಜಿ. ಕಡ್ಲೆಬೀಜಕ್ಕೆ ಮೊದಲೆರಡು ನಿಮಿಷ ಮಧ್ಯಮ ಉರಿ, ಆಮೇಲೆ ಪೂರ್ತಿ ಸಣ್ಣ ಉರಿ, ಒಟ್ಟು 12ರಿಂದ 15 ನಿಮಿಷ. ಸಟ್ಟುಗ ಕೈಯಲ್ಲೇ ಇರಬೇಕು. ಫೋನ್ ಬಂದರೆ ಉರಿ ಆರಿಸಿಯೇ ಮಾತಾಡಿ. ಸಿಪ್ಪೆ ಚಟಪಟ ಅನ್ನಲು ಶುರುವಾದ ಮೇಲೆ ಮೂರ್ನಾಲ್ಕು ನಿಮಿಷದ ಆಟ ಮಾತ್ರ ಬಾಕಿ. ಇದರ ದೊಡ್ಡ ಅನುಕೂಲ, ಹುರಿದ ಬಾಣಲೆಯಲ್ಲೇ ಒಗ್ಗರಣೆಯೂ ಆಗುತ್ತದೆ. ಕಷ್ಟ ಅಂದರೆ ನಿಂತೇ ಇರಬೇಕು. ಅರ್ಧ ಕೆ.ಜಿ. ದಾಟಿದರೆ ಕೈ ಸೋಲುತ್ತದೆ.

ಉಪ್ಪಿನಲ್ಲಿ ಹುರಿಯುವುದು: ಬೀದಿಯಲ್ಲಿ ಗಾಡಿಯವರು ಮರಳಿನಲ್ಲಿ ಹುರಿಯುತ್ತಾರಲ್ಲ, ಮನೆಯಲ್ಲಿ ಮರಳಿನ ಬದಲು ಕಲ್ಲುಪ್ಪು. ಒಂದು ದೊಡ್ಡ ಬಟ್ಟಲು ಕಲ್ಲುಪ್ಪನ್ನು ಐದು ನಿಮಿಷ ಕಾಯಿಸಿ, ಸಿಪ್ಪೆ ಇರುವ ಒಣ ಕಡ್ಲೆಬೀಜ ಹಾಕಿ ಆರೆಂಟು ನಿಮಿಷ ಆಡಿಸಿ, ಜರಡಿ ಹಿಡಿಯಿರಿ. ಬೀಜದ ಸುತ್ತ ಎಲ್ಲ ಕಡೆಯಿಂದ ಶಾಖ ಬರುವುದರಿಂದ ಇಷ್ಟು ಸಮನಾದ ಹುರಿ ಬೇರೆ ಯಾವುದರಲ್ಲೂ ಬರುವುದಿಲ್ಲ. ಉಪ್ಪೆಲ್ಲ ಬೀಜಕ್ಕೆ ಅಂಟುತ್ತದಾ ಅಂದರೆ ಇಲ್ಲ, ಒಣ ಸಿಪ್ಪೆಗೆ ಬಹಳ ಕಡಿಮೆ ಅಂಟುತ್ತದೆ. ಆ ಉಪ್ಪನ್ನು ಬೇರೆ ಡಬ್ಬದಲ್ಲಿಟ್ಟು ಮುಂದಿನ ಸಲಕ್ಕೂ ಬಳಸಬಹುದು, ಬೂದು ಬಣ್ಣ ಬಂದರೆ ಗಾಬರಿ ಬೇಡ. ಸಿಪ್ಪೆ ತೆಗೆದ ಬೀಜಕ್ಕೂ ಗೋಡಂಬಿಗೂ ಈ ದಾರಿ ಬೇಡ, ಬಾಯಿಗಿಡಲಾಗದಷ್ಟು ಉಪ್ಪಾಗುತ್ತದೆ. ಬಿ.ಪಿ. ಇರುವ ಮನೆಯವರೂ ಇದನ್ನು ಬಿಡಿ.

ಓವನ್: ಹಬ್ಬಕ್ಕೋ ನೆಂಟರಿಗೋ ಒಂದು ಕೆ.ಜಿ. ಮಾಡುವುದಿದ್ದರೆ ಓವನ್ ಗೆಲ್ಲುತ್ತದೆ. 150 ಡಿಗ್ರಿಗೆ ಮೊದಲೇ ಕಾಯಿಸಿ, ಟ್ರೇಯಲ್ಲಿ ಒಂದೇ ಪದರ ಹರಡಿ. ಕಡ್ಲೆಬೀಜಕ್ಕೆ 20ರಿಂದ 25 ನಿಮಿಷ, ಬಾದಾಮಿಗೆ 15ರಿಂದ 18, ಗೋಡಂಬಿಗೆ 10ರಿಂದ 12. ನಡುವೆ ಒಮ್ಮೆ ಮಗುಚಿ, ಟ್ರೇಯನ್ನು ಹಿಂದುಮುಂದು ತಿರುಗಿಸಿ. ಮೇಜಿನ ಮೇಲಿಡುವ ಸಣ್ಣ ಓವನ್‌ಗಳಲ್ಲಿ (ಒಟಿಜಿ) ಹಿಂಭಾಗದ ಬೀಜ ಮೊದಲು ಕೆಂಪಾಗುತ್ತದೆ. ಅಮೆರಿಕದಲ್ಲಿರುವವರಿಗೆ ಇದು 300 ಫ್ಯಾರನ್‌ಹೀಟ್. ಅಲ್ಲಿನ ಮನೆಗಳಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಕೂಗಿಕೊಳ್ಳುತ್ತದೆ, ಆದ್ದರಿಂದ ಅವರಿಗೆ ಓವನ್ನೇ ಸುಖ. ಇಲ್ಲಿ ಒಂದೇ ಒಂದು ಹಿಡಿ ಬೀಜಕ್ಕೆ ಅರ್ಧ ಗಂಟೆ ಕರೆಂಟ್ ಉರಿಸುವುದು ಮಾತ್ರ ಸರಿಯಲ್ಲ.

ಏರ್ ಫ್ರೈಯರ್ ಅಂದರೆ ಕೊನೆಗೂ ಫ್ಯಾನ್ ಇರುವ ಚಿಕ್ಕ ಓವನ್. ಬೇಗ ಆಗುತ್ತದೆ: 150-160 ಡಿಗ್ರಿಯಲ್ಲಿ ಕಡ್ಲೆಬೀಜಕ್ಕೆ ಹತ್ತು-ಹನ್ನೆರಡು ನಿಮಿಷ, ಗೋಡಂಬಿಗೆ ಆರೆಂಟು. ಮೂರು ನಿಮಿಷಕ್ಕೊಮ್ಮೆ ಬುಟ್ಟಿ ಅಲ್ಲಾಡಿಸಿ. ಆದರೆ ಖಾರದ ಪುಡಿ ಹಾಕಿ ಒಳಗಿಟ್ಟಿರೋ, ಗಾಳಿಗೆ ಪುಡಿ ಎದ್ದು ಮೇಲಿನ ಕಾಯಿಲ್‌ಗೆ ತಗುಲಿ ಮನೆಯವರೆಲ್ಲ ಕೆಮ್ಮುತ್ತಾರೆ. ಕರಿಬೇವು ಹಾರಿ ಮೇಲೆ ಅಂಟಿಕೊಂಡು ಸುಡುತ್ತದೆ. ಬೀಜ ಮಾತ್ರ ಹುರಿದುಕೊಳ್ಳಿ, ಮಸಾಲೆ ಹೊರಗೆ. ಈಗಾಗಲೇ ಮನೆಯಲ್ಲಿದ್ದರೆ ಬಳಸಿ. ಬೀಜ ಹುರಿಯಲೆಂದೇ ಕೊಳ್ಳುವ ವಸ್ತು ಅಲ್ಲ.

ಮೈಕ್ರೋವೇವ್ ಹಾಸ್ಟೆಲ್, ಪಿ.ಜಿ.ಯಲ್ಲಿ ಇರುವವರ ಪಾಲಿಗೆ ವರ. ಒಂದು ಬಟ್ಟಲು ಬೀಜವನ್ನು ಅಗಲ ಗಾಜಿನ ತಟ್ಟೆಯಲ್ಲಿ ಹರಡಿ ಎರಡು ನಿಮಿಷ, ಮಗುಚಿ, ಒಂದು ನಿಮಿಷ, ಮಗುಚಿ, ಆಮೇಲೆ ಅರ್ಧರ್ಧ ನಿಮಿಷ. ನಾಲ್ಕೈದು ನಿಮಿಷದಲ್ಲಿ ಮುಗಿಯಿತು. ಇಲ್ಲಿ ಹೊರಗೆ ಬೆಳ್ಳಗಿದ್ದೂ ಒಳಗೆ ಸುಟ್ಟಿರಬಹುದು. ಹೋಳು ಮಾಡಿ ನೋಡುವ ಪರೀಕ್ಷೆ ಇಲ್ಲಿ ಕಡ್ಡಾಯ.

ಮಸಾಲೆ ಅಂಟಿಸುವುದು ಹೇಗೆ?

ಹುರಿಯುವುದು ಎಲ್ಲರಿಗೂ ಬರುತ್ತದೆ. ಮಸಾಲೆ ಬೀಜದ ಮೇಲೆ ಇರಬೇಕು, ಡಬ್ಬದ ತಳದಲ್ಲಿ ಅಲ್ಲ. ಅಲ್ಲೇ ಎಲ್ಲರೂ ಸೋಲುವುದು. ಇದಕ್ಕೆ ಇರುವ ದಾರಿಗಳಲ್ಲಿ ಎರಡನ್ನು ಧೈರ್ಯವಾಗಿ ಹೇಳುತ್ತೇನೆ, ಇನ್ನೆರಡನ್ನು ಅಪರೂಪಕ್ಕೆ.

ಮೊದಲನೆಯದು ಉಪ್ಪುನೀರಿನ ದಾರಿ. ಇನ್ನೂ ಹುರಿಯದ ಕಾಲು ಕೆ.ಜಿ. ಒಣ ಕಡ್ಲೆಬೀಜಕ್ಕೆ ಮೂರು ದೊಡ್ಡ ಚಮಚ ಬಿಸಿ ನೀರು ತಗೊಳ್ಳಿ. ಅದರಲ್ಲಿ ಅರ್ಧ ಟೀ ಚಮಚ ಉಪ್ಪು, ಕಾಲು ಚಮಚ ಅರಿಶಿನ, ಚಿಟಿಕೆ ಇಂಗು ಕರಗಿಸಿ. ಬೀಜಕ್ಕೆ ಸುರಿದು ಕೈಯಲ್ಲಿ ಕಲಸಿ, ಹತ್ತು-ಹದಿನೈದು ನಿಮಿಷ ಬಿಡಿ. ಆಮೇಲೆ ಹುರಿಯಿರಿ. ನೀರು ಆರುತ್ತಾ ಬಂದಂತೆ ಸಿಪ್ಪೆಯ ಮೇಲೆ ಉಪ್ಪಿನ ತೆಳು ಬೂದಿಯಂಥ ಪದರ ಕೂರುತ್ತದೆ, ಬಾಯಿಗೆ ಹಾಕಿದಾಗ ಮೊದಲು ನಾಲಿಗೆಗೆ ಸಿಗುವುದು ಅದೇ. ಒಂದು ತೊಟ್ಟು ಎಣ್ಣೆ ಬೇಡ. ಬಾಣಲೆ, ಓವನ್ ಎರಡಕ್ಕೂ ಸರಿ. ನಾಲ್ಕೈದು ನಿಮಿಷ ಜಾಸ್ತಿ ಹುರಿಯಬೇಕು ಅಷ್ಟೇ. ನಿಂಬೆರಸ ಬೇಕೆನ್ನುವವರು ಈ ನೀರಿಗೇ ಹಿಂಡಬೇಕು. ಹುರಿದ ಮೇಲೆ ಹಿಂಡಿದರೆ ಬೀಜ ಮೆತ್ತಗಾಗಿ ಎಲ್ಲ ಹಾಳು. ಇಲ್ಲಿ ಖಾರದ ಪುಡಿ ಮಾತ್ರ ಜಾಸ್ತಿ ಹಾಕಲು ಆಗುವುದಿಲ್ಲ, ಹದಿನೈದು ನಿಮಿಷದ ಶಾಖಕ್ಕೆ ಅದು ಕರಕಲಾಗುತ್ತದೆ.

ಎರಡನೆಯದು ಒಗ್ಗರಣೆಯ ದಾರಿ, ಬೆಂಗಳೂರಿನ ಬೇಕರಿಗಳಲ್ಲಿ ಸಿಗುವ ಕಾಂಗ್ರೆಸ್ ಕಡ್ಲೆಬೀಜದ ಜಾತಿಯದು. ಬೀಜ ಹುರಿದು, ಬಟ್ಟೆಯಲ್ಲಿ ಕಟ್ಟಿ ಉಜ್ಜಿ, ಮೊರದಲ್ಲಿ ಕೇರಿದರೆ ಸಿಪ್ಪೆ ಹಾರಿ ಹೋಳುಗಳು ಉಳಿಯುತ್ತವೆ. ಕಾಲು ಕೆ.ಜಿ.ಗೆ ಒಂದರಿಂದ ಎರಡು ಟೀ ಚಮಚ ಎಣ್ಣೆ ಸಾಕು. ಎಣ್ಣೆ ಕಾದ ಮೇಲೆ ಇಂಗು, ಆಮೇಲೆ ಕರಿಬೇವು. ಕರಿಬೇವನ್ನು ತೊಳೆದು ಬಟ್ಟೆಯ ಮೇಲೆ ಪೂರ್ತಿ ಒಣಗಿಸಿರಬೇಕು, ಕೈಯಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಗರಿಯಾಗಿ ಹುರಿಯಬೇಕು. ಅದರಲ್ಲಿ ನೀರು ಉಳಿದರೆ ಇಡೀ ಡಬ್ಬ ಮೆತ್ತಗಾಗುತ್ತದೆ. ಈಗ ಒಲೆ ಆರಿಸಿ. ಆರಿಸಿದ ಮೇಲೆಯೇ ಅರಿಶಿನ, ಖಾರದ ಪುಡಿ ಅಥವಾ ಕಾಳುಮೆಣಸಿನ ಪುಡಿ, ನುಣ್ಣಗಿನ ಉಪ್ಪು. ಒಂದು ಸಲ ತಿರುಗಿಸಿ, ತಕ್ಷಣ ಹೋಳುಗಳನ್ನು ಸುರಿದು ಮಗುಚಿ. ಬಿಸಿ ಎಣ್ಣೆಯಲ್ಲಿ ಖಾರದ ಪುಡಿ ಸುಡಲು ಕೆಲವೇ ಸೆಕೆಂಡು ಸಾಕು. ಕೆಂಪು ಹೋಗಿ ಕಂದಾಯಿತು ಅಂದರೆ ಅದನ್ನು ಚೆಲ್ಲಿ ಮತ್ತೆ ಮಾಡುವುದೇ ಲೇಸು.

ಎಣ್ಣೆಗೆ ಹೆದರುವವರಿಗೆ ಲೆಕ್ಕ ಕೊಡುತ್ತೇನೆ. ಒಂದು ಟೀ ಚಮಚ ಎಣ್ಣೆಯಲ್ಲಿ ಸುಮಾರು 40 ಕ್ಯಾಲರಿ. ಕಾಲು ಕೆ.ಜಿ. ಅಂದರೆ ಎಂಟು ಹಿಡಿ. ಒಂದು ಹಿಡಿಗೆ ಬಂದದ್ದು 5 ಕ್ಯಾಲರಿ. ಬೀಜದ್ದೇ 170 ಇರುವಾಗ ಈ ಐದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ ಅಲ್ವಾ?

ಮೂರನೆಯದು ಕಡಲೆಹಿಟ್ಟಿನ ಕೋಟು. ಬೀಜಕ್ಕೆ ಕಡಲೆಹಿಟ್ಟು, ಅಕ್ಕಿಹಿಟ್ಟು, ಖಾರ ಕಲಸಿ ಕರಿಯುವುದು. ಮಳೆಗಾಲದ ಸಂಜೆಗೆ ಇದಕ್ಕೆ ಸಮ ಇಲ್ಲ, ಒಪ್ಪುತ್ತೇನೆ. ಆದರೆ ಎಣ್ಣೆ ಹೀರುವುದು ಇಲ್ಲಿ, ಬೀಜ ಅಲ್ಲ, ಹಿಟ್ಟು. ಕರಿಯದೆ ಓವನ್‌ನಲ್ಲಿ ಮಾಡಬಹುದು ಅಂತ ಹೇಳುವವರಿದ್ದಾರೆ. ಎಣ್ಣೆ ಇಲ್ಲದೆ ಮಾಡಿದರೆ ಕೋಟು ಕಲ್ಲಾಗುತ್ತದೆ. ಎರಡು ಚಮಚ ಎಣ್ಣೆ ಹಿಟ್ಟಿಗೇ ಕಲಸಿದರೆ ತಿನ್ನುವ ಹಾಗಿರುತ್ತದೆ, ಕರಿದದ್ದರ ಸುಖ ಬರುವುದಿಲ್ಲ. ತಿನ್ನುವ ದಿನ ಕರಿದೇ ತಿನ್ನಿ, ಉಳಿದ ದಿನ ಬಿಡಿ.

ನಾಲ್ಕನೆಯದು ಬೆಲ್ಲ-ಖಾರ. ಕಾಲು ಕೆ.ಜಿ. ಬೀಜಕ್ಕೆ 100 ಗ್ರಾಂ ಬೆಲ್ಲದ ಪಾಕ ಅಂದರೆ ಬೀಜದ ಪ್ರತಿ ಹಿಡಿಯ ಜೊತೆ ಸುಮಾರು ಮೂರು ಟೀ ಚಮಚ ಸಕ್ಕರೆ ತಿಂದ ಹಾಗೆ. ಬೆಲ್ಲ, ಜೇನು ಅಂತ ಹೆಸರು ಬದಲಾದರೆ ಲೆಕ್ಕ ಬದಲಾಗುವುದಿಲ್ಲ. ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಇದಕ್ಕೆ "ಆರೋಗ್ಯಕರ" ಅಂತ ಹೆಸರಿಡಬೇಡಿ.

ಉಪ್ಪು, ಖಾರ, ಹುಳಿ

ಉಪ್ಪನ್ನು ಮಿಕ್ಸಿಯಲ್ಲಿ ಹಿಟ್ಟಿನಂತೆ ನುಣ್ಣಗೆ ಮಾಡಿಕೊಳ್ಳಿ. ನುಣ್ಣಗಿದ್ದಷ್ಟೂ ಕಡಿಮೆಯಲ್ಲಿ ಜಾಸ್ತಿ ರುಚಿ ಕೊಡುತ್ತದೆ, ಕೆಳಗೂ ಉದುರುವುದಿಲ್ಲ. ಒಂದು ಟೀ ಚಮಚ ಉಪ್ಪು ಐದಾರು ಗ್ರಾಂ. ದಿನಕ್ಕೆ ಒಟ್ಟು 5 ಗ್ರಾಂ ಮೀರಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಕಾಲು ಕೆ.ಜಿ.ಗೆ ಅರ್ಧ ಟೀ ಚಮಚ ಹಾಕಿದರೆ ಒಂದು ಹಿಡಿಗೆ ಅರ್ಧ ಗ್ರಾಂಗಿಂತಲೂ ಕಡಿಮೆ ಬರುತ್ತದೆ. ನಮ್ಮ ಸಾರು, ಪಲ್ಯ, ಉಪ್ಪಿನಕಾಯಿಗೂ ಜಾಗ ಬಿಡಬೇಕಲ್ಲ. ಸೈಂಧವ ಲವಣ ಹಾಕಿದರೆ ಪರವಾಗಿಲ್ಲ ಅಂತ ಕೆಲವರು ಧಾರಾಳವಾಗಿ ಸುರಿಯುತ್ತಾರೆ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಬಣ್ಣ ಬೇರೆ, ಬಿ.ಪಿ.ಗೆ ವ್ಯತ್ಯಾಸ ಇಲ್ಲ.

ಖಾರಕ್ಕೆ ಬ್ಯಾಡಗಿ. ಬಣ್ಣ ಜಾಸ್ತಿ, ಖಾರ ಕಡಿಮೆ ಇರುವುದರಿಂದ ಬೀಜ ಕೆಂಪಗೆ ಕಂಡರೂ ಹೊಟ್ಟೆ ಉರಿಯುವುದಿಲ್ಲ. ಗುಂಟೂರು ಮೆಣಸಿನಕಾಯಿ ಬೇಕೆನ್ನುವವರು ಅರ್ಧಕ್ಕರ್ಧ ಬೆರೆಸಿ. ಗೋಡಂಬಿಗೆ ಮಾತ್ರ ನನ್ನ ಮತ ಕಾಳುಮೆಣಸಿಗೆ. ಕೊಡಗು, ಮಲೆನಾಡಿನ ಮೆಣಸನ್ನು ಆಗಷ್ಟೇ ತರಿತರಿಯಾಗಿ ಕುಟ್ಟಿ ಹಾಕಿದರೆ ಗೋಡಂಬಿಯ ಸಿಹಿಗೆ ಸರಿಯಾದ ಜೋಡಿ. ಬಾದಾಮಿಗೆ ಹುರಿದ ಜೀರಿಗೆ ಪುಡಿ ಮತ್ತು ಆಮ್‌ಚೂರ್. ಹುಳಿ ಇದ್ದರೆ ಉಪ್ಪು ಕಡಿಮೆ ಅನ್ನಿಸುವುದಿಲ್ಲ, ಉಪ್ಪು ಬಿಡಬೇಕಾದವರಿಗೆ ಇದು ಒಳ್ಳೆಯ ಉಪಾಯ. ಚಾಟ್ ಮಸಾಲದಲ್ಲಿ ಮೊದಲೇ ಉಪ್ಪಿದೆ, ಅದನ್ನು ಹಾಕುವಾಗ ಬೇರೆ ಉಪ್ಪು ನಿಲ್ಲಿಸಿ.

ಮಸಾಲೆ ಮಾಡಲು ಬೇಜಾರಾದ ದಿನ ಮನೆಯ ಸಾರಿನ ಪುಡಿಯನ್ನೇ ಹಾಕಿ. ಅದರ ಧನಿಯಾ, ಜೀರಿಗೆ, ಮೆಂತ್ಯ, ಮೆಣಸಿನಕಾಯಿ ಎಲ್ಲ ಹುರಿದೇ ಪುಡಿಯಾಗಿರುವುದರಿಂದ ಹಸಿ ವಾಸನೆ ಬರುವುದಿಲ್ಲ. ಕಾಲು ಕೆ.ಜಿ. ಗೋಡಂಬಿಗೆ ಒಂದೂವರೆ ಟೀ ಚಮಚ ಸಾರಿನ ಪುಡಿ, ಅರ್ಧ ಚಮಚ ತುಪ್ಪ, ಉಪ್ಪು. ಬಂದವರು ಇದು ಯಾವ ಅಂಗಡಿಯದು ಅಂತ ಕೇಳುತ್ತಾರೆ.

ಬೆಳ್ಳುಳ್ಳಿಯ ವಿಷಯ ಬೇರೆಯೇ ಇದೆ. ಸಿಪ್ಪೆ ಸಮೇತ ಜಜ್ಜಿ ಒಗ್ಗರಣೆಗೆ ಹಾಕಿದರೆ ಆ ಘಮಕ್ಕೆ ಸಾಟಿ ಇಲ್ಲ, ಆದರೆ ಎಷ್ಟು ಹುರಿದರೂ ಒಳಗೆ ಸ್ವಲ್ಪ ತೇವ ಉಳಿಯುತ್ತದೆ. ಮೂರ್ನಾಲ್ಕು ದಿನದಲ್ಲಿ ಖಾಲಿ ಮಾಡುವ ಡಬ್ಬಕ್ಕೆ ಮಾತ್ರ ಹಾಕಿ. ಅದಕ್ಕಿಂತ ಜಾಸ್ತಿ ದಿನ ಇಡಬೇಕಾದ್ದಕ್ಕೆ ಒಣ ಬೆಳ್ಳುಳ್ಳಿ ಪುಡಿಯೇ ಸರಿ.

ಅಂಗಡಿಯ ಪೊಟ್ಟಣವೋ, ಮನೆಯದೋ?

ಪೊಟ್ಟಣದ ಹಿಂದೆ ಸಾಮಗ್ರಿಗಳ ಪಟ್ಟಿ ಓದಿ. ಯಾವುದು ಜಾಸ್ತಿ ಇದೆಯೋ ಅದರ ಹೆಸರು ಮೊದಲು ಬರುತ್ತದೆ. ಬೀಜ, ಉಪ್ಪು, ಮಸಾಲೆ ಇಷ್ಟೇ ಇದ್ದರೆ ಧಾರಾಳವಾಗಿ ತನ್ನಿ, ಮನೆಯದಕ್ಕಿಂತ ಕೀಳೇನಲ್ಲ. ಬೀಜದ ಹಿಂದೆಯೇ ಹಿಟ್ಟು, ಪಾಮ್ ಎಣ್ಣೆ, ಸಕ್ಕರೆ ಸಾಲುಗಟ್ಟಿದ್ದರೆ ನೀವು ಬೀಜದ ಬೆಲೆಗೆ ಹಿಟ್ಟು ಕೊಳ್ಳುತ್ತಿದ್ದೀರಿ. ಬಾದಾಮಿ, ಗೋಡಂಬಿಯಲ್ಲಿ ಮನೆಯಲ್ಲಿ ಹುರಿದರೆ ಉಳಿಯುವ ದುಡ್ಡೂ ಕಡಿಮೆ ಏನಲ್ಲ.

ಯಾರು ಹುಷಾರಾಗಿರಬೇಕು?

ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಅನ್ನಕ್ಕೋ ಮೊಸರಿಗೋ ಕಲಸಿ ಕೊಡಿ. ಹಲ್ಲಿನ ಸೆಟ್ ಹಾಕಿಕೊಂಡಿರುವ ಅಜ್ಜ ಅಜ್ಜಿಗೂ ಕುಟ್ಟಿಯೇ ಕೊಡುವುದು ವಾಸಿ. ಬೀಜದ ಅಲರ್ಜಿ ಇರುವವರು ಮುಟ್ಟಲೇಬಾರದು. ಅವರಿಗೆಂದು ಬೇರೆ ತಿಂಡಿ ಮಾಡುವಾಗಲೂ ಇದೇ ಬಾಣಲೆ, ಸಟ್ಟುಗ ತೊಳೆಯದೆ ಬಳಸಬಾರದು. ಮೂತ್ರಪಿಂಡದ ತೊಂದರೆ ಇರುವವರಿಗೆ ಪೊಟ್ಯಾಸಿಯಂ, ರಂಜಕದ ಲೆಕ್ಕ ಇರುತ್ತದೆ, ಅವರು ವೈದ್ಯರನ್ನು ಕೇಳಿಯೇ ತಿನ್ನಲಿ.

ಇಡುವುದು ಎಲ್ಲಿ?

ಪೂರ್ತಿ ಆರುವ ಮೊದಲು ಡಬ್ಬದ ಮುಚ್ಚಳ ಹಾಕಬೇಡಿ. ಬೆಚ್ಚಗಿದ್ದರೂ ಸಾಕು, ಒಳಗೆ ಬೆವರಿ ಮೆತ್ತಗಾಗುತ್ತದೆ. ಗಾಜು ಅಥವಾ ಸ್ಟೀಲ್ ಡಬ್ಬ, ಒಲೆಯಿಂದ ದೂರ, ಬಿಸಿಲು ಬೀಳದ ಜಾಗ. ಎಣ್ಣೆ ಹಾಕದ ಕಡ್ಲೆಬೀಜ ಎರಡು-ಮೂರು ವಾರ ಚೆನ್ನಾಗಿರುತ್ತದೆ, ಒಗ್ಗರಣೆ ಹಾಕಿದ್ದು ಹತ್ತು ದಿನ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಇದರ ಅರ್ಧ ಅಂತ ಇಟ್ಟುಕೊಳ್ಳಿ. ಅಕ್ರೋಟ್ ಫ್ರಿಜ್ಜಿನಲ್ಲೇ ಇರಲಿ. ಕಮಟು ವಾಸನೆ ಬಂದರೆ ಎಸೆಯಬೇಕು, ಮತ್ತೆ ಹುರಿದರೆ ಅದು ಹೋಗುವುದಿಲ್ಲ. ಬರೀ ಮೆತ್ತಗಾಗಿದ್ದರೆ ಸಣ್ಣ ಉರಿಯಲ್ಲಿ ಮೂರು ನಿಮಿಷ ಆಡಿಸಿದರೆ ಸರಿಹೋಗುತ್ತದೆ.

ಡಬ್ಬದ ತಳದಲ್ಲಿ ಉಳಿಯುವ ಖಾರ, ಕರಿಬೇವು, ಮುರಿದ ಬೀಜದ ಚೂರುಗಳನ್ನು ಚೆಲ್ಲಬೇಡಿ. ಎರಡೆಸಳು ಬೆಳ್ಳುಳ್ಳಿ ಸೇರಿಸಿ ಒಂದು ಸುತ್ತು ಕುಟ್ಟಿದರೆ ರೊಟ್ಟಿಗೆ ಶೇಂಗಾ ಚಟ್ನಿ ಪುಡಿ ಸಿದ್ಧ, ಮೇಲೆ ಸ್ವಲ್ಪ ಗಟ್ಟಿ ಮೊಸರು ಹಾಕಿಕೊಂಡರಾಯಿತು.